ಕರಾಟೆ ಒಂದೇ, ಕಲಿಸೋ ರೀತಿ ಬೇರೆ ಯಾಕೆ?

ಪ್ರಶ್ನೆ: ಬಾಗಲಕೋಟೆಯಿಂದ ವಿಜಯಪುರಕ್ಕೆ ಬಂದಿದ್ದೇವೆ. ಮಗಳು ಅಲ್ಲಿ ಶೊಟೊಕಾನ್ ಶೈಲಿಯ ಕರಾಟೆ ಕಲಿಯುತ್ತಿದ್ದಳು. ಇಲ್ಲಿಯ ಕ್ಲಾಸು ಶಿಟೊ-ರ‍್ಯು. ಹೊಸ ಸರ್ ಅವಳು ನಿಲ್ಲುವ ರೀತಿಯನ್ನೇ ಬದಲಾಯಿಸುತ್ತಿದ್ದಾರೆ. ಹಳೆಯ ಸರ್ ತಪ್ಪು ಕಲಿಸಿದ್ರಾ?

ಉತ್ತರ: ಇಲ್ಲ ರೀ, ಇಬ್ಬರೂ ಸರಿ. ಶೊಟೊಕಾನ್ ಬಂದಿದ್ದು ಗಿಚಿನ್ ಫುನಾಕೋಶಿ ಅವರಿಂದ, ಶಿಟೊ-ರ‍್ಯು ಕೆನ್ವಾ ಮಬುನಿ ಅವರಿಂದ. ಇಬ್ಬರೂ ಜಪಾನಿನ ಓಕಿನಾವಾ ದ್ವೀಪದವರು, ಇಬ್ಬರೂ ಅಂಕೋ ಇತೋಸು ಅವರ ಹತ್ತಿರ ಕಲಿತವರು, ಆದರೆ ಮಬುನಿ ನಾಹಾ ಊರಿನ ಹಿಗಾವೊನ್ನಾ ಅವರ ಬಳಿಯೂ ಕಲಿತಿದ್ದರಿಂದ ಅವರ ಶೈಲಿಯಲ್ಲಿ ಎರಡೂ ಕಡೆಯ ಕಟಾಗಳು (ಒಂದೇ ಕ್ರಮದಲ್ಲಿ ಮಾಡುವ ಹೊಡೆತ-ತಡೆಗಳ ಸರಣಿ) ಸೇರಿ ಪಟ್ಟಿ ಸಿಕ್ಕಾಪಟ್ಟೆ ಉದ್ದವಾಯಿತು.

ನಿಮ್ಮ ಮಗಳಿಗೆ ಜಾಸ್ತಿ ಗೊಂದಲ ಆಗೋದು ಇಲ್ಲಿ. ಶೊಟೊಕಾನ್‌ನ ಹೇಯಾನ್ ನಿದಾನ್ (ಹೇಯಾನ್ ಸಾಲಿನ ಎರಡನೆಯ ಕಟಾ) ಶುರುವಾಗುವಾಗ ಉದ್ದಕ್ಕೆ, ತಗ್ಗಿ ನಿಲ್ಲುತ್ತಾರೆ, ಭಾರ ಹೆಚ್ಚಾಗಿ ಹಿಂದಿನ ಕಾಲಿನ ಮೇಲೆ, ಮುಂದಿನ ಪಾದ ಪೂರ್ತಿ ನೆಲಕ್ಕೆ. ಶಿಟೊ-ರ‍್ಯುದಲ್ಲಿ ಅದೇ ಜಾಗದಲ್ಲಿ ಬೆಕ್ಕಿನ ನಿಲುವು: ಗಿಡ್ಡ, ಮುಂದಿನ ಪಾದದ ಹಿಮ್ಮಡಿ ನೆಲದಿಂದ ಎತ್ತಿರುತ್ತೆ. ಅಷ್ಟೇ ಅಲ್ಲ, ಇಲ್ಲಿ ಆ ಕಟಾಗೆ ಪಿನಾನ್ ಶೋದಾನ್ ಅಂತಾರೆ, ಅಂದ್ರೆ ಒಂದನೆಯದು. ಫುನಾಕೋಶಿ ಮೊದಲೆರಡರ ಕ್ರಮ ಅದಲುಬದಲು ಮಾಡಿದ್ದರು. ಪರೀಕ್ಷೆಗೆ ಮುಂಚೆ ಇದನ್ನ ಹೇಳದಿದ್ರೆ ಮಗು ಸುಮ್ನೆ ಬೆಪ್ಪಾಗುತ್ತೆ, ಅಲ್ವಾ?

ಬೆಲ್ಟ್ ವಿಷಯ ಹೊಸ ಸರ್ ಜೊತೆ ಈಗಲೇ ಮಾತಾಡಿ. ಕೆಲವರು ಹಳೆಯದನ್ನೇ ಒಪ್ಪುತ್ತಾರೆ, ಕೆಲವರು ಬಿಳಿಯಿಂದ ಶುರು ಮಾಡಿಸುತ್ತಾರೆ. ಹಾಗೆ ಮಾಡಿಸಿದರೆ ಪರೀಕ್ಷೆ ಫೀಸು ಎಷ್ಟು ಸಲ ಕಟ್ಟಬೇಕು ಅಂತ ಕೇಳೋಕೆ ನಾಚಿಕೆ ಬೇಡ.