ಕೇಳಿದಾಗ ರಜೆ ಕೊಡಲಿಲ್ಲ, ಈಗ ‘ಲ್ಯಾಪ್ಸ್’ ಅಂತಾರೆ

ಪ್ರಶ್ನೆ: ಬೆಂಗಳೂರಿನ ಗಾರ್ಮೆಂಟ್ಸ್ ಒಂದರಲ್ಲಿ ನಾಲ್ಕು ವರ್ಷದಿಂದ ಟೈಲರ್ ಆಗಿದ್ದೇನೆ. ಊರ ಜಾತ್ರೆಗೆ ರಜೆ ಕೇಳಿದರೆ ಸೂಪರ್‌ವೈಸರ್ ‘ಶಿಪ್‌ಮೆಂಟ್ ಇದೆ, ಆಗಲ್ಲ’ ಅಂದರು. ಈಗ ಎಚ್‌ಆರ್‌ನವರು ಉಳಿದ ಇಎಲ್ (ಗಳಿಕೆ ರಜೆ) ಡಿಸೆಂಬರ್‌ಗೆ ಲ್ಯಾಪ್ಸ್ ಆಗುತ್ತೆ, ಅಂದರೆ ರದ್ದಾಗುತ್ತೆ ಅಂತಿದ್ದಾರೆ. ಇದು ಸರಿನಾ?
– ಹೆಸರು ಬೇಡ

ಉತ್ತರ: ಸರಿಯಲ್ಲಮ್ಮ. ಇಎಲ್ ಅನ್ನೋದು ಕಂಪನಿ ದಯೆಯಿಂದ ಕೊಡೋದಲ್ಲ, ನೀವು ದುಡಿದು ಗಳಿಸಿದ್ದು. 20 ದಿನ ಕೆಲಸ ಮಾಡಿದರೆ ಸಂಬಳದ ಸಮೇತ ಒಂದು ದಿನ ರಜೆ. ವರ್ಷದಲ್ಲಿ 260 ದಿನ ಮಿಷನ್ ಮುಂದೆ ಕೂತಿದ್ದರೆ 13 ದಿನ ನಿಮ್ಮದು. 1948ರ ಕಾರ್ಖಾನೆ ಕಾಯ್ದೆಯಲ್ಲಿ ಇದಕ್ಕೆ ವರ್ಷಕ್ಕೆ ಕನಿಷ್ಠ 240 ದಿನ ಕೆಲಸ ಮಾಡಿರಬೇಕಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲಿ 180 ದಿನ ಸಾಕು. ಹೆರಿಗೆ ರಜೆ, ಲೇ-ಆಫ್ (ಕೆಲಸ ಇಲ್ಲ ಅಂತ ಕಂಪನಿಯೇ ಕೂರಿಸಿದ) ದಿನಗಳೂ ಈ 180ರ ಲೆಕ್ಕಕ್ಕೆ ಸೇರುತ್ತವೆ. ಆದರೆ ಆ ದಿನಗಳಿಗೆ ಹೊಸ ರಜೆ ಹುಟ್ಟುವುದಿಲ್ಲ.

ಉಳಿದ ರಜೆ ಮುಂದಿನ ವರ್ಷಕ್ಕೆ ಹೋಗುತ್ತದೆ, 30 ದಿನದವರೆಗೆ. ವರ್ಷದ ಕೊನೆಗೆ ಕೇಳಿ ದುಡ್ಡಾಗಿಯೂ ಪಡೆಯಬಹುದು. ಇನ್ನೂ ಮುಖ್ಯವಾದದ್ದು ಇದು: ನೀವು ಅರ್ಜಿ ಹಾಕಿ ಅವರು ಕೊಡದೇ ಹೋದ ರಜೆಗೆ ಈ 30ರ ಮಿತಿಯೂ ಇಲ್ಲ. ಅದು ಪೂರ್ತಿ ಮುಂದಕ್ಕೆ ಹೋಗಲೇಬೇಕು.

ಆದರೆ ನೀವು ಬಾಯಲ್ಲಿ ಕೇಳಿದ್ರಾ, ಬರೆದು ಕೊಟ್ರಾ? ನಮ್ಮ ಹೆಣ್ಣುಮಕ್ಕಳು ಸೋಲೋದು ಇಲ್ಲೇ. ಹೊಲಿಗೆ ಲೈನ್‌ನಲ್ಲಿ ನಿಂತು ಕೇಳ್ತಾರೆ, ಬೈಸಿಕೊಂಡು ಸುಮ್ನೆ ಬರ್ತಾರೆ. ನಾಳೆ ‘ಇವರು ಕೇಳಲೇ ಇಲ್ಲ’ ಅಂದರೆ ಕೈಯಲ್ಲಿ ಏನೂ ಇರಲ್ಲ. ಹಾಗಾಗಿ ಹದಿನೈದು ದಿನ ಮೊದಲೇ ಒಂದು ಹಾಳೆಯಲ್ಲಿ ಬರೆಯಿರಿ. ಟೋಕನ್ ನಂಬರ್, ಎಂದಿನಿಂದ ಎಂದಿನವರೆಗೆ, ಕಾರಣ. ಇಷ್ಟು ಸಾಕು. ಎರಡು ಪ್ರತಿ ಮಾಡಿ, ಒಂದಕ್ಕೆ ‘ತಲುಪಿದೆ’ ಎಂದು ಸಹಿ ಹಾಕಿಸಿಕೊಳ್ಳಿ. ಸಹಿ ಹಾಕಲ್ಲ ಅಂದರೆ ಎಚ್‌ಆರ್‌ಗೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಜೋಪಾನವಾಗಿಡಿ.

ಇನ್ನೊಂದು ಮಾತು. ರಜೆಯ ನಡುವೆ ಬರೋ ಭಾನುವಾರವನ್ನು ಇಎಲ್‌ನಲ್ಲಿ ಕಳೆಯುವಂತಿಲ್ಲ. ಸೋಮವಾರದಿಂದ ಮುಂದಿನ ಸೋಮವಾರದವರೆಗೆ ಹೋದರೆ ಕಳೆಯಬೇಕಾದ್ದು ಏಳೇ ದಿನ, ಎಂಟಲ್ಲ. ಪೇ ಸ್ಲಿಪ್ ತೆಗೆದು ನೋಡಿ. ಕೆಲಸ ಬಿಟ್ಟರೂ ಬಾಕಿ ರಜೆಯ ಸಂಬಳ ಎರಡು ಕೆಲಸದ ದಿನದೊಳಗೆ ಕೈಗೆ ಬರಬೇಕು.

ಬರೆದುಕೊಟ್ಟ ಮೇಲೂ ‘ಲ್ಯಾಪ್ಸ್’ ಅಂದರೆ, ಆ ಪ್ರತಿ ಹಿಡಿದು ಕಾರ್ಮಿಕ ಇಲಾಖೆ ಕಚೇರಿಗೆ ಹೋಗಿ ದೂರು ಕೊಡಿ. ಇದೇ ತೊಂದರೆ ಇರೋ ನಿಮ್ಮ ಲೈನ್‌ನವರನ್ನೂ ಜೊತೆಗೆ ಕರೆದುಕೊಂಡು ಹೋಗಿ.