50 ಮೀಟರ್ ಪಿಸ್ತೂಲಿನಲ್ಲಿ ಗುರಿ ಮಸುಕು ಕಾಣುತ್ತಿದೆ. ಕನ್ನಡಕ ಬದಲಿಸಲೇ, ಪಿಸ್ತೂಲ್ ಬದಲಿಸಲೇ?

ನೀವು ಕಳಿಸಿದ ಪ್ರಶ್ನೆ ಇದು: ವಯಸ್ಸು ನಲವತ್ತು ದಾಟಿದೆ, ಶೂಟಿಂಗಿನ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಎಲ್ಲ ಸರಿ ಇತ್ತು, 50 ಮೀಟರಿಗೆ ಹೋದ ಮೇಲೆ ಗುರಿಯ ನಡುವಿನ ಕಪ್ಪು ವೃತ್ತ ಮಸುಕು, ಗುಂಡು ಎಲ್ಲೆಂದರಲ್ಲಿ, ಮಳೆಗಾಲದಲ್ಲಿ ಇನ್ನೂ ಕಷ್ಟ; ಕನ್ನಡಕವೋ, ಪಿಸ್ತೂಲೋ, ಇಲ್ಲ ಡಾಟ್ ಸೈಟೋ (ಗಾಜಿನಲ್ಲಿ ಬೆಳಕಿನ ಚುಕ್ಕೆ ತೋರಿಸಿ ಗುರಿ ಹಿಡಿಸುವ ಸಾಧನ)? ಓದುತ್ತಾ ಹೋದ ಹಾಗೆ ಇದನ್ನು ನಾನೇ ಯಾವಾಗಲೋ ಬರೆದಿದ್ದೆನಾ ಅಂತ ಅನುಮಾನ ಬಂತು. ನೀವು ಈಗ ಯೋಚಿಸುತ್ತಿರುವ ಕಾರಣಕ್ಕೆ ಕನ್ನಡಕ ಬದಲಿಸಬೇಡಿ. ಪಿಸ್ತೂಲಂತೂ ಬೇಡವೇ ಬೇಡ.

ನನ್ನದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಅಡಿಕೆ ತೋಟ. ನಮ್ಮ ಕಡೆ ಕೋವಿ ಹೊಸದಲ್ಲ. ಹಂದಿ, ಮಂಗಗಳ ಕಾಟಕ್ಕೆ ಅಂತ ಅಪ್ಪನ ಹತ್ತಿರ ಒಂಟಿ ನಳಿಗೆಯ ಕೋವಿ ಇತ್ತು. ಚುನಾವಣೆ ಬಂದಾಗಲೆಲ್ಲ ಅದನ್ನು ಸ್ಟೇಷನ್ನಿನಲ್ಲಿ ಇಟ್ಟು ಬರಬೇಕು, ಮುಗಿದ ಮೇಲೆ ತರಬೇಕು. ಹಂದಿಗಳು ಆ ದಿನ ಲೆಕ್ಕ ಹಾಕಿಯೇ ತೋಟಕ್ಕೆ ಇಳಿಯುತ್ತವೆ ಅಂತ ಅಪ್ಪ ಗೊಣಗುತ್ತಿದ್ದರು. ನನಗೆ ಕೋವಿಯ ಮೇಲೆ ಅಂಥ ಆಸೆ ಏನೂ ಇರಲಿಲ್ಲ. 2014ರಲ್ಲಿ ಇಂಚಿಯಾನ್ ಏಷ್ಯನ್ ಗೇಮ್ಸ್‌ನಲ್ಲಿ ಜಿತು ರಾಯ್ 50 ಮೀಟರ್ ಪಿಸ್ತೂಲಿನಲ್ಲಿ ಚಿನ್ನ ಗೆದ್ದದ್ದನ್ನು ಟಿವಿಯಲ್ಲಿ ನೋಡಿದೆ. ಒಂದೇ ಕೈ, ನಿಂತುಕೊಂಡು, ದುರ್ಬೀನು ಇಲ್ಲ, ಡಾಟ್ ಇಲ್ಲ, ಬರೀ ಕಬ್ಬಿಣದ ಎರಡು ಸೈಟು: ಹಿಂದೆ ಕಚ್ಚು ಇರುವ ಪಟ್ಟಿ, ಮುಂದೆ ನೆಟ್ಟಗಿನ ಕಡ್ಡಿ, ಕಚ್ಚಿನ ನಡುವೆ ಕಡ್ಡಿ ಕೂರಿಸಿ ಗುರಿ ಹಿಡಿಯುವುದು. ಆ ಹುಚ್ಚು ಹಿಡಿಯಿತು. ವಯಸ್ಸು ಅಷ್ಟರಲ್ಲಿ ನಿಮ್ಮಷ್ಟೇ ಆಗಿತ್ತು.

ಮೊದಲು ಏರ್ ಪಿಸ್ತೂಲ್. 4.5 ಮಿಲಿಮೀಟರ್ ಬೋರು, 20 ಜೂಲ್ ಒಳಗಿನ ಶಕ್ತಿ ಇದ್ದರೆ ಅದಕ್ಕೆ ಲೈಸೆನ್ಸ್ ಬೇಡ. ಅಡಿಕೆ ಗೋದಾಮಿನ ಉದ್ದ 10 ಮೀಟರಿಗಿಂತ ಸ್ವಲ್ಪ ಜಾಸ್ತಿ ಇತ್ತು, ಸಾಕಾಯಿತು. ಆಮೇಲೆ ರೇಂಜಿಗೆ ಹೋಗಲು ಶುರು ಮಾಡಿದೆ. ಅಲ್ಲಿ ಕ್ಲಬ್ಬಿನ ಹಳೆಯ ಟೋಜ್-35 ಇತ್ತು, ರಷ್ಯಾದ ತುಲಾದಲ್ಲಿ ತಯಾರಾದ .22 ಬೋರಿನ ಪಿಸ್ತೂಲು. ಮರದ ಗ್ರಿಪ್ ಯಾರದೋ ಕೈಗೆ ಕೆತ್ತಿದ್ದು. ನನ್ನ ಹೆಬ್ಬೆರಳಿನ ಬುಡಕ್ಕೆ ಒತ್ತುತ್ತಿತ್ತು, ಆದರೂ ಎಂಥ ಪಿಸ್ತೂಲು ಮಾರಾಯ್ರೆ! ಏರ್ ಪಿಸ್ತೂಲಿನ ಟ್ರಿಗರ್ ಎಳೆಯಲು ಬೇಕಾಗುವ ಭಾರ ಕಡಿಮೆ ಅಂದರೆ 500 ಗ್ರಾಂ ಇರಲೇಬೇಕು ಅಂತ ನಿಯಮ. 50 ಮೀಟರ್ ಪಿಸ್ತೂಲಿಗೆ ಆ ಮಿತಿ ಇಲ್ಲ. ಬೆರಳು ಇಟ್ಟರೆ ಸಾಕು, ಹೋಗಿಬಿಡುತ್ತದೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

50 ಮೀಟರಿನಲ್ಲಿ ಮೊದಲ ಸಲ ಕೈ ಎತ್ತಿದಾಗ ಗಾಬರಿಯಾಯಿತು. ಕಪ್ಪು ಎಲ್ಲಿ ಹೋಯಿತು? ಇದ್ದದ್ದು ಬೂದು ಬಣ್ಣದ ಒಂದು ಉಂಡೆ, ಅಂಚೇ ಇಲ್ಲ. ನಿಮಗೂ ಹೀಗೇ ಆಗಿರಬೇಕು. ಇದರಲ್ಲಿ ಅರ್ಧ ಬರೀ ಲೆಕ್ಕ. 10 ಮೀಟರ್ ಏರ್ ಪಿಸ್ತೂಲಿನ ಗುರಿಯಲ್ಲಿ ಕಪ್ಪಿನ ಅಗಲ 59.5 ಮಿಲಿಮೀಟರ್. 50 ಮೀಟರಿಗೆ ಹೋದರೆ ಅದು ಅಷ್ಟೇ ದೊಡ್ಡದಾಗಿ ಕಾಣಲು ಸುಮಾರು 300 ಮಿಲಿಮೀಟರ್ ಇರಬೇಕಿತ್ತು. ಇರುವುದು 200. ಅಂದರೆ ಕಣ್ಣಿಗೆ ಮೂರನೇ ಎರಡು ಪಾಲು ಮಾತ್ರ. ಇದು ಎಲ್ಲರಿಗೂ ಹೀಗೆಯೇ, ಇಪ್ಪತ್ತರ ಹುಡುಗನಿಗೂ.

ನಾನು ಈ ಲೆಕ್ಕ ಹಾಕಲಿಲ್ಲ. ನೇರ ಕಾಸರಗೋಡು ಪೇಟೆಗೆ ಹೋಗಿ ಕಣ್ಣು ಪರೀಕ್ಷೆ ಮಾಡಿಸಿದೆ. ದೂರದ ಪವರ್ -0.75 ಬಂತು. "ನಂಗೆ ದೂರದ್ದು ಚಾಕುವಿನಲ್ಲಿ ಕೊಯ್ದ ಹಾಗೆ ಕಾಣಬೇಕು" ಅಂತ ಒತ್ತಿ ಒತ್ತಿ ಹೇಳಿದೆ. ಕನ್ನಡಕದ ಅಂಗಡಿಯ ಹುಡುಗ ಪಾಪ ನಾನು ಕೇಳಿದ್ದನ್ನೇ ಕೊಟ್ಟ. ಕನ್ನಡಕ ಹಾಕಿಕೊಂಡು ರೇಂಜಿಗೆ ಹೋದರೆ ಕಪ್ಪು ಅಂದರೆ ಕಪ್ಪು! ಅಂಚು ಸಮೇತ. ಖುಷಿಯಾಗಿ ಎಲ್ಲರಿಗೂ ತೋರಿಸಿದೆ. ಸ್ಕೋರು ಮಾತ್ರ ಇನ್ನೂ ಕೆಳಗೆ ಇಳಿಯಿತು.

ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ, ಯಾಕೆಂದರೆ ನನ್ನ ಒಂದು ಇಡೀ ಸೀಸನ್ ಹೋದದ್ದು ಇಲ್ಲೇ. ಹಿಂದಿನ ಸೈಟು, ಮುಂದಿನ ಸೈಟು, ಗುರಿ. ಮೂರೂ ಮೂರು ಬೇರೆ ದೂರದಲ್ಲಿವೆ. ಕಣ್ಣು ಒಂದು ಹೊತ್ತಿಗೆ ಒಂದನ್ನು ಮಾತ್ರ ಚೂಪಾಗಿ ನೋಡುತ್ತದೆ. ಚಿಕ್ಕ ವಯಸ್ಸಿನಲ್ಲಿ ಕಣ್ಣಿನ ಒಳಗಿನ ಮಸೂರ ಮೆದು, ಸೈಟಿನಿಂದ ಗುರಿಗೆ, ಗುರಿಯಿಂದ ಸೈಟಿಗೆ ಚಕಚಕ ಓಡಾಡುತ್ತದೆ, ನಮಗೆ ಎಲ್ಲವೂ ಚೂಪಾಗಿದೆ ಅನ್ನಿಸುತ್ತದೆ. ನಲವತ್ತರ ಮೇಲೆ ಮಸೂರ ಗಟ್ಟಿಯಾಗುತ್ತದೆ, ಓಡಾಟ ನಿಧಾನವಾಗುತ್ತದೆ. ಆಗ ದೂರಕ್ಕೆ ಪೂರ್ತಿ ಪವರ್ ಹಾಕಿದರೆ ಕಣ್ಣು ದೂರದಲ್ಲೇ ಕೂತುಬಿಡುತ್ತದೆ. ತೋಳಿನ ತುದಿಯಲ್ಲಿರುವ ಮುಂದಿನ ಸೈಟು ಅಂಚು ನೂಲು ಬಿಟ್ಟ ಹಳೇ ಪಂಚೆಯ ಹಾಗೆ ಕಾಣುತ್ತದೆ. ಅದರ ಎಡಕ್ಕೆ ಎಷ್ಟು ಬೆಳಕಿದೆ, ಬಲಕ್ಕೆ ಎಷ್ಟಿದೆ, ಅದರ ತಲೆ ಹಿಂದಿನ ಸೈಟಿಗೆ ಸಮವಾಗಿದೆಯೋ ಇಲ್ಲವೋ, ಒಂದೂ ಗೊತ್ತಾಗುವುದಿಲ್ಲ.

ಗೊತ್ತಾಗದಿದ್ದರೆ ಏನಾಗುತ್ತದೆ? ಎರಡು ಸೈಟಿನ ನಡುವೆ 30 ಸೆಂಟಿಮೀಟರ್ ಅಂತ ಇಟ್ಟುಕೊಳ್ಳಿ. ಮುಂದಿನ ಸೈಟು ನಡುವಿನಿಂದ ಒಂದೇ ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದರೆ 50 ಮೀಟರಿನಲ್ಲಿ ಗುಂಡು ಸುಮಾರು 167 ಮಿಲಿಮೀಟರ್ ಆಚೆ ಹೋಗುತ್ತದೆ. ಗುರಿಯಲ್ಲಿ ಒಂದೊಂದು ಅಂಕದ ಪಟ್ಟಿ 25 ಮಿಲಿಮೀಟರ್. ಹತ್ತು ಬೀಳಬೇಕಾದಲ್ಲಿ ನಾಲ್ಕು. ಅದೇ ಸೈಟು ಎರಡೂ ಸರಿಯಾಗಿ ಜೋಡಿಕೊಂಡಿದ್ದು, ಇಡೀ ಕೈಯೇ ಐದು ಮಿಲಿಮೀಟರ್ ಪಕ್ಕಕ್ಕೆ ಹೋದರೆ? ಗುಂಡೂ ಐದೇ ಮಿಲಿಮೀಟರ್ ಪಕ್ಕಕ್ಕೆ ಹೋಗುತ್ತದೆ. ಹತ್ತರ ಅಗಲ 50, ಇನ್ನೂ ಹತ್ತೇ. ಕೈ ನಡುಗುವುದಕ್ಕೆ ಹೆದರಿ ನಾನು ಮೊಣಕೈ ಬಿಗಿ ಮಾಡಿದ್ದೇನೆ, ಕಾಲು ಅಗಲಿಸಿದ್ದೇನೆ, ಗ್ರಿಪ್ಪಿಗೆ ಮರದ ಪುಟ್ಟಿ ಮೆತ್ತಿದ್ದೇನೆ. ನಡುಕ ನನ್ನನ್ನು ಕೆಡಿಸುತ್ತಿರಲಿಲ್ಲ, ಸೈಟು ಕಾಣದಿದ್ದದ್ದು ಕೆಡಿಸುತ್ತಿತ್ತು.

ಇನ್ನೊಂದು ತೊಂದರೆ ಇದಕ್ಕಿಂತ ಕೆಟ್ಟದ್ದು. ಗುರಿ ಚೂಪಾಗಿ ಕಂಡರೆ ಕಣ್ಣು ಅಲ್ಲಿಯೇ ಅಂಟಿಕೊಳ್ಳುತ್ತದೆ. ಕಪ್ಪಿನ ಮೇಲೆ ಸೈಟು ತೇಲಾಡುವುದು ಕಾಣುತ್ತದೆ. ಸರಿಯಾದ ಜಾಗಕ್ಕೆ ಬಂತು ಅನ್ನಿಸಿದ ಕೂಡಲೇ "ಈಗ!" ಅಂತ ಬೆರಳು ಎಳೆಯುತ್ತದೆ. ಟೋಜ್ ಟ್ರಿಗರಿನಲ್ಲಿ ಆ "ಈಗ" ಅನ್ನುವುದಕ್ಕೂ ಮೊದಲೇ ಗುಂಡು ಹೋಗಿರುತ್ತದೆ, ಕೈ ಜರ್ಕ್ ಆಗಿ ಎಡಕ್ಕೆ ಕೆಳಗೆ. ನಾನು ಅದನ್ನು ಸೈಟಿನ ತಪ್ಪು ಅಂದುಕೊಂಡು ಸ್ಕ್ರೂ ತಿರುಗಿಸಿದೆ. ಮುಂದಿನ ಗುಂಡುಗಳು ಬಲಕ್ಕೆ. ಮತ್ತೆ ತಿರುಗಿಸಿದೆ. ಸ್ಕ್ರೂಡ್ರೈವರ್ ಕಿಸೆಯಿಂದ ಹೊರಗೇ ಇರುತ್ತಿತ್ತು.

ಹಾಗೆಯೇ ರಾಜ್ಯ ಮಟ್ಟದ ಮ್ಯಾಚಿಗೆ ಹೋದೆ. ಮಂಗಳೂರು ನಮಗೆ ಬಸ್ಸಿನ ದೂರ, ಆದರೆ ರಾಜ್ಯ ಕೇರಳ. ಹಾಗಾಗಿ ಮಾವೇಲಿ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿಯಿಡೀ ಕೂತು ರಾಜ್ಯದ ಆ ತುದಿಗೆ, ತಿರುವನಂತಪುರಕ್ಕೆ ಹೋಗಬೇಕು. ಅಲ್ಲಿ ಏನಾಯಿತು ಅಂತ ಹೇಳುವುದಕ್ಕೆ ಜಾಸ್ತಿ ಇಲ್ಲ. ಗುರಿ ತುಂಬ ಚೆನ್ನಾಗಿ ಕಾಣುತ್ತಿತ್ತು, ಗುಂಡು ಅದರ ಸುತ್ತಮುತ್ತ ಬಿತ್ತು. ಮುಂದಿನ ಹಂತಕ್ಕೆ ಬೇಕಾದ ಸ್ಕೋರು ಬರಲಿಲ್ಲ.

ಊರಿಗೆ ಬಂದ ಮೇಲೆ ರೇಂಜಿನಲ್ಲಿ ಒಬ್ಬ ರಿಟೈರ್ಡ್ ಹವಾಲ್ದಾರ್, ಕಣ್ಣೂರಿನ ಕಡೆಯವರು, ಹುಡುಗರಿಗೆ ಹೇಳಿಕೊಡುತ್ತಿದ್ದರು. ಎಲ್ಲರಿಗೂ ಅವರು ಮಾಷ್, ಅಂದರೆ ಮೇಷ್ಟ್ರು. ನಾನು ನನ್ನ ಗುರಿಯ ಕಾಗದಗಳನ್ನು ತೋರಿಸಿ, "ಮಾಷೇ, ಈ ಬ್ಯಾರಲ್ ಸವೆದಿದೆ ಅಲ್ವಾ?" ಅಂದೆ. ಅವರು ಕಾಗದ ನೋಡಲೇ ಇಲ್ಲ. ನನ್ನ ಮುಖ ನೋಡಿದರು. "ಮುಂಪಿಲತ್ತೆ ಸೈಟ್ ಕಾಣುನ್ನುಂಡೋ?" ಅಂತ ಕೇಳಿದರು. ಮುಂದಿನ ಸೈಟು ಕಾಣುತ್ತದಾ ಅಂತ. ಕಾಣುತ್ತದೆ ಅಂದೆ. ಅದರ ಮೇಲಿನ ಎರಡು ಮೂಲೆ ಕಾಣುತ್ತದಾ? ಉತ್ತರ ಕೊಡಲು ಆಗಲಿಲ್ಲ. ಕನ್ನಡಕ ತೆಗೆಸಿದರು. ಗುರಿಯ ಕಾಗದವನ್ನು ತಿರುವಿ, ಹಿಂಬದಿಯ ಖಾಲಿ ಬಿಳಿಯನ್ನು ಹಾಕಿಸಿದರು. ಕಪ್ಪೇ ಇಲ್ಲ! ಎಲ್ಲಿಗೆ ಹೊಡೆಯಲಿ ಅಂದರೆ "ನಡುವಿಗೆ, ಸುಮ್ನೆ ಸೈಟು ನೋಡು" ಅಂದರು.

ಕನ್ನಡಕ ಇಲ್ಲದ ನನ್ನ ಕಣ್ಣಿಗೆ ಮುಂದಿನ ಸೈಟಿನ ಮೂಲೆಗಳು ಬ್ಲೇಡಿನಷ್ಟು ಚೂಪಾಗಿದ್ದವು. ಅದರ ಕರಿ ಬಣ್ಣ ಒಂದು ಕಡೆ ಸವೆದು ಲೋಹ ಮಿನುಗುತ್ತಿದ್ದದ್ದೂ ಕಂಡಿತು, ಅಷ್ಟು ಕಾಲ ಅದು ಕಂಡೇ ಇರಲಿಲ್ಲ. ಖಾಲಿ ಕಾಗದದಲ್ಲಿ ಬಿದ್ದ ಗುಂಡುಗಳು ಒಂದು ಅಂಗೈ ಅಗಲದಲ್ಲಿದ್ದವು. ಗುರಿ ಇಟ್ಟು ಹೊಡೆದದ್ದಕ್ಕಿಂತ ಗುರಿ ಇಲ್ಲದೆ ಹೊಡೆದದ್ದೇ ಚೆನ್ನಾಗಿತ್ತು. ಕಾರಣ ಸರಳ: -0.75 ಇರುವ ಕಣ್ಣು ಬರಿಗಣ್ಣಿನಲ್ಲಿ ಒಂದೂಕಾಲು ಮೀಟರಿನ ಆಸುಪಾಸು ತಾನಾಗಿಯೇ ಚೂಪಾಗಿ ನೋಡುತ್ತದೆ. ಮುಂದಿನ ಸೈಟು ಅದಕ್ಕಿಂತ ಸ್ವಲ್ಪ ಹತ್ತಿರ. ದೇವರು ಶೂಟಿಂಗಿಗೆ ಅಂತಲೇ ಕೊಟ್ಟಿದ್ದ ಕಣ್ಣಿಗೆ ನಾನು ದುಡ್ಡು ಕೊಟ್ಟು ಗಾಜು ಹಾಕಿಸಿಕೊಂಡಿದ್ದೆ.

ಈಗ ನಿಮ್ಮ ವಿಷಯ. ನೀವು ಕನ್ನಡಕವೋ ಪಿಸ್ತೂಲೋ ಡಾಟ್ ಸೈಟೋ ಅಂತ ಕೇಳಿದ್ದೀರಿ. ಡಾಟ್ ಮ್ಯಾಚಿನಲ್ಲಿ ನಡೆಯುವುದಿಲ್ಲ, ಪಿಸ್ತೂಲಿಗೆ ಲೆನ್ಸ್ ಅಂಟಿಸುವುದೂ ನಡೆಯುವುದಿಲ್ಲ. ಮುಖದ ಮೇಲಿನ ಕನ್ನಡಕ ಮಾತ್ರ ನಡೆಯುತ್ತದೆ. ನನ್ನ ತಕರಾರು ನಿಮ್ಮ ಪ್ರಶ್ನೆಯ ಮೇಲೆಯೇ. ಗುರಿ ಮಸುಕು ಕಾಣುವುದು ರೋಗ ಅಲ್ಲ, ಅದು ಹಾಗೇ ಕಾಣಬೇಕು. ಬೂದು ಉಂಡೆ ಸಾಕು. ಅದರ ಕೆಳಗೆ ಒಂದು ಬಿಳಿ ಪಟ್ಟಿ ಬಿಟ್ಟು ಸೈಟು ಹಿಡಿಯಿರಿ, ಕಪ್ಪಿಗೆ ತಾಗಿಸಲು ಹೋಗಬೇಡಿ. ತಾಗಿಸಲು ಹೋದರೆ ಕಣ್ಣು ಮತ್ತೆ ಕಪ್ಪಿಗೆ ಓಡುತ್ತದೆ.

ನಿಮ್ಮ ದೂರದ ಪವರ್ ಎಷ್ಟು ಅಂತ ಬರೆದಿಲ್ಲ. ನನ್ನಂತೆ ಸಣ್ಣ ಮೈನಸ್ ಇದ್ದರೆ ಮೊದಲು ಕನ್ನಡಕ ತೆಗೆದು ಹೊಡೆದು ನೋಡಿ (ಕಣ್ಣಿನ ರಕ್ಷಣೆಗೆ ಪವರ್ ಇಲ್ಲದ ಗ್ಲಾಸ್ ಹಾಕಿಕೊಳ್ಳಿ). ಬೇರೆ ಪವರ್ ಇದ್ದರೆ ದೂರದ ಪವರಿಗೆ +0.50 ಅಥವಾ +0.75 ಸೇರಿಸಿದ ಒಂದೇ ಪವರಿನ ಗಾಜು ಮಾಡಿಸಿ. ದೂರಕ್ಕೆ -2.00 ಇದೆ ಅನ್ನಿ, ಶೂಟಿಂಗಿಗೆ -1.50 ಅಥವಾ -1.25. ಪ್ರೊಗ್ರೆಸಿವ್ (ಮೇಲಿನಿಂದ ಕೆಳಗೆ ಪವರ್ ಬದಲಾಗುತ್ತಾ ಹೋಗುವ ಗಾಜು) ಬೇಡ, ತಲೆ ಒಂದು ಕೂದಲು ಎತ್ತಿದರೂ ಪವರ್ ಬದಲಾಗುತ್ತದೆ. ಕನ್ನಡಕದ ಅಂಗಡಿಗೆ ಹೋಗುವ ಮೊದಲು ಕೈ ಚಾಚಿ ನಿಂತು, ಕಣ್ಣಿನಿಂದ ಮುಂದಿನ ಸೈಟಿಗೆ ಎಷ್ಟು ದೂರ ಅಂತ ಟೇಪಿನಲ್ಲಿ ಯಾರ ಕೈಯಲ್ಲಾದರೂ ಅಳೆಸಿ. ಅಂಗಡಿಗೆ ಪಿಸ್ತೂಲ್ ಹಿಡಿದುಕೊಂಡು ಹೋಗಬೇಡಿ, ಪೊಲೀಸರು ಬರುತ್ತಾರೆ. ಒಂದು ಕೋಲಿನ ತುದಿಗೆ ಕರಿ ಇನ್ಸುಲೇಷನ್ ಟೇಪ್ ಸುತ್ತಿ, ಅಷ್ಟೇ ದೂರಕ್ಕೆ ಹಿಡಿದು, ಅದರ ಮೂಲೆ ಚೂಪಾಗುವವರೆಗೆ ಗಾಜು ಬದಲಿಸಲು ಹೇಳಿ. ಅಂಗಡಿಯವರು ವಿಚಿತ್ರವಾಗಿ ನೋಡುತ್ತಾರೆ. ನೋಡಲಿ.

ಇನ್ನೊಂದು ಕಣ್ಣನ್ನು ಮುಚ್ಚಬೇಡಿ, ಮುಖ ಬಿಗಿದು ಸುಸ್ತಾಗುತ್ತದೆ. ಆ ಗಾಜಿಗೆ ಬೆಳಕು ಬಿಡುವ ಮಸುಕು ಟೇಪ್ ಅಂಟಿಸಿ, 30 ಮಿಲಿಮೀಟರ್ ಅಗಲದವರೆಗೆ ನಿಯಮದಲ್ಲಿ ಅವಕಾಶ ಇದೆ. ಸೈಟು ಮಿನುಗಿದರೆ ಕರ್ಪೂರದ ಮಸಿ ಹಿಡಿಸಿ. ಪಿಸ್ತೂಲ್ ಖಾಲಿ ಇದೆ ಅಂತ ತೆರೆದು ನೋಡಿ, ರೇಂಜಿನವರಿಗೆ ಹೇಳಿಯೇ ಮಾಡಿ. ದೇವರ ಕೋಣೆಯ ಕರ್ಪೂರ ಖಾಲಿಯಾಗುತ್ತದೆ ಅಂತ ನಮ್ಮ ಮನೆಯಲ್ಲಿ ಈಗಲೂ ಜಗಳ ಇದೆ. ಮಳೆಗಾಲದಲ್ಲಿ ಜಾಸ್ತಿ ಕಷ್ಟ ಅಂತ ಬರೆದಿದ್ದೀರಲ್ಲ, ಅದು ಬೆಳಕಿನ ಕಾರಣಕ್ಕೆ. ಬೆಳಕು ಕಡಿಮೆಯಾದರೆ ಕಣ್ಣಿನ ಪಾಪೆ ಹಿಗ್ಗುತ್ತದೆ, ಹತ್ತಿರದ್ದು ದೂರದ್ದು ಎರಡೂ ಒಟ್ಟಿಗೆ ಸಾಧಾರಣವಾಗಿ ಕಾಣುವ ಸೌಕರ್ಯ ಹೋಗುತ್ತದೆ. ಆಷಾಢದಲ್ಲಿ ಸ್ಕೋರು ನೋಡಿ ತಲೆ ಕೆಡಿಸಿಕೊಳ್ಳಬೇಡಿ, ಖಾಲಿ ಕಾಗದಕ್ಕೆ ಹೊಡೆಯಿರಿ.

ಹೊಸ ಪಿಸ್ತೂಲಿನ ಆಸೆ ನನಗೆ ಅರ್ಥವಾಗುತ್ತದೆ. ಆದರೆ ನನ್ನ ಅಪ್ಪನ ಹತ್ತಿರ ಇದ್ದಂಥ ಬೆಳೆ ರಕ್ಷಣೆಯ ಲೈಸೆನ್ಸಿನಲ್ಲಿ .22 ಪಿಸ್ತೂಲ್ ಬರುವುದಿಲ್ಲ, ಕಲೆಕ್ಟರೇಟಿಗೆ (ನಮ್ಮ ಜಿಲ್ಲೆಯದ್ದು ವಿದ್ಯಾನಗರದಲ್ಲಿದೆ) ಬೇರೆಯೇ ಅರ್ಜಿ ಹಾಕಿ ಕಾಯಬೇಕು. ಈ ಸ್ಪರ್ಧೆ ಒಲಿಂಪಿಕ್ಸ್‌ನಿಂದ 2016ರ ರಿಯೋ ನಂತರ ಹೋಗಿದೆ, ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಉಳಿದಿದೆ. 2018ರಲ್ಲಿ ಚಾಂಗ್ವಾನ್‌ನಲ್ಲಿ ನಮ್ಮ ಓಂ ಪ್ರಕಾಶ್ ಮಿಥರ್ವಾಲ್ ಚಿನ್ನ ಗೆದ್ದದ್ದು ಇದರಲ್ಲೇ. ಕ್ಲಬ್ಬಿನ ಪಿಸ್ತೂಲು ಹಳೆಯದಾದರೂ ನಿಮಗಿಂತ, ನನಗಿಂತ ಚೆನ್ನಾಗಿ ಹೊಡೆಯುತ್ತದೆ. ದುಡ್ಡು ಗುಂಡಿಗೆ ಇಟ್ಟುಕೊಳ್ಳಿ.

ಒಂದು ವಿಷಯದಲ್ಲಿ ಮಾತ್ರ ನನ್ನ ಮಾತು ಕೇಳಬೇಡಿ. ರೇಂಜಿನ ಹೊರಗೂ ಮಸುಕಾಗಿದ್ದರೆ, ಎದುರು ಬರುವ ಬಸ್ಸಿನ ಬೋರ್ಡ್ ಓದಲು ಆಗದಿದ್ದರೆ, ಒಂದೇ ಕಣ್ಣಿಗೆ ಹೀಗಾಗಿದ್ದರೆ, ಶುಗರ್ ಇದ್ದರೆ, ಅದು ಶೂಟಿಂಗಿನ ಪ್ರಶ್ನೆಯೇ ಅಲ್ಲ. ಈ ವಾರವೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಮತ್ತೆ ಶೂಟಿಂಗಿಗೆ ಮಾಡಿಸಿದ ಕನ್ನಡಕ ಹಾಕಿಕೊಂಡು ಬೈಕ್ ಓಡಿಸಬೇಡಿ, ಅದನ್ನು ಪಿಸ್ತೂಲಿನ ಪೆಟ್ಟಿಗೆಯಲ್ಲೇ ಇಡಿ.