ಕ್ಲೇಮ್ ಆಗಲ್ಲ ಅಂತ ಪತ್ರ ಬಂದರೆ ಸುಮ್ನೆ ದುಡ್ಡು ಕಟ್ಟಬೇಡಿ

ನಿಮ್ಮ ಪ್ರಶ್ನೆ ಓದಿದೆ. ಅಮೆರಿಕಕ್ಕೆ ಬಂದು ಎಂಟು ತಿಂಗಳಾಗಿದೆ. ಬೆನ್ನುನೋವಿಗೆಂದು ನಿಮ್ಮ ಮನೆಯವರಿಗೆ ಎಂಆರ್‌ಐ ಮಾಡಿಸಿದಿರಿ. ಅದರ ಅಗತ್ಯ ಇರಲಿಲ್ಲ ಎಂದು ಇನ್ಶೂರೆನ್ಸ್‌ನವರು ಕ್ಲೇಮ್ ತಳ್ಳಿಹಾಕಿದ್ದಾರೆ. ಎದುರು ಮಾತಾಡಿದರೆ ವೀಸಾಗೆ ತೊಂದರೆಯಾಗುತ್ತದಾ, ಕಟ್ಟಿಬಿಡುವುದೇ ವಾಸಿಯಾ ಎಂದು ಕೇಳಿದ್ದೀರಿ.

ಈಗಲೇ ಕಟ್ಟಬೇಡಿ. ಅಪೀಲಿಗೂ ವೀಸಾಗೂ ಸಂಬಂಧವಿಲ್ಲ. 2010ರ ಅಫರ್ಡಬಲ್ ಕೇರ್ ಆಕ್ಟ್ ಎಂಬ ಆರೋಗ್ಯ ವಿಮೆ ಕಾನೂನು ಬಂದ ಮೇಲೆ ಹೆಚ್ಚುಕಮ್ಮಿ ಎಲ್ಲ ಪಾಲಿಸಿಗಳಲ್ಲೂ ಇದು ನಿಮ್ಮ ಹಕ್ಕು.

ನಾನು ಬಂದ ಎರಡನೇ ವರ್ಷ ಮಗನ ಆಪರೇಷನ್‌ಗೆ ಇದೇ ಥರ ಪತ್ರ ಬಂದಿತ್ತು. ಹೆದರಿಕೊಂಡು ಕಂತಿನಲ್ಲಿ ಪೂರ್ತಿ ಕಟ್ಟಿದೆ. ಅಪೀಲಿಗೆ 180 ದಿನ ಸಮಯವಿತ್ತು ಅನ್ನೋದು ಗೊತ್ತಾಗುವ ಹೊತ್ತಿಗೆ ಅದು ಕಳೆದುಹೋಗಿತ್ತು. ಇವತ್ತಿಗೂ ಆ ಬೇಸರ ಹೋಗಿಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ಆಸ್ಪತ್ರೆಯ ಬಿಲ್ಲಿಂಗ್ ವಿಭಾಗಕ್ಕೆ ಫೋನ್ ಮಾಡಿ. ಅಪೀಲ್ ಹಾಕುತ್ತಿದ್ದೇವೆ, ಅಲ್ಲಿಯವರೆಗೆ ಬಿಲ್ಲನ್ನು ಕಲೆಕ್ಷನ್‌ಗೆ, ಅಂದರೆ ಸಾಲ ವಸೂಲಿಯವರಿಗೆ, ಕಳಿಸಬೇಡಿ ಅಂತ ಕೇಳಿಕೊಳ್ಳಿ. ಬಿಲ್ಲಿನಲ್ಲಿ ಕಾಯಿಲೆಗೂ ಚಿಕಿತ್ಸೆಗೂ ಬರೆಯುವ ಕೋಡ್ ಸರಿಯಾಗಿ ಹಾಕಿದ್ದಾರಾ ಅಂತಲೂ ಕೇಳಿ. ಎಷ್ಟೋ ಸಲ ತಪ್ಪಿರುವುದು ಅಲ್ಲೇ. ಅವರು ತಿದ್ದಿ ಮತ್ತೆ ಕಳಿಸಿದರೆ ಮುಗಿಯಿತು.

ಕೋಡ್ ಸರಿಯಿದ್ದರೆ ಇಂಟರ್ನಲ್ ಅಪೀಲ್, ಅಂದರೆ ಅದೇ ಕಂಪನಿಗೆ ಇನ್ನೊಮ್ಮೆ ನೋಡಿ ಎಂದು ಕೇಳುವುದು. ನಿಮ್ಮ ಕ್ಲೇಮ್ ಫೈಲ್ ಮತ್ತು ಅವರು ಯಾವ ನಿಯಮ ನೋಡಿ ಬೇಡ ಅಂದರೋ ಅದರ ಪ್ರತಿ ಕೇಳಿ. ಪುಕ್ಕಟೆ ಕೊಡಬೇಕು. ಅದನ್ನು ಡಾಕ್ಟರ್ ಕೈಗೆ ಕೊಟ್ಟು ಪತ್ರ ಬರೆಸಿ. "ರೋಗಿಗೆ ಎಂಆರ್‌ಐ ಬೇಕಿತ್ತು" ಎಂಬ ಒಂದು ಸಾಲು ಸಾಲದು. ಎಷ್ಟು ವಾರ ಫಿಸಿಯೋಥೆರಪಿ ಆಯಿತು, ಯಾವ ಮಾತ್ರೆ ಕೆಲಸ ಮಾಡಲಿಲ್ಲ, ಕಾಲಿನಲ್ಲಿ ಜೋಮು ಇತ್ತಾ, ಇದೆಲ್ಲ ಅವರ ನಿಯಮದ ಒಂದೊಂದು ಸಾಲಿಗೂ ಉತ್ತರವಾಗಿ ಬರಬೇಕು. ಅಪೀಲ್ ಗೆಲ್ಲುವುದು ಈ ಪತ್ರದಿಂದಲೇ ಅಂತ ನನ್ನ ನಂಬಿಕೆ. ಫೋನಿನಲ್ಲಿ ಹೇಳಿದ್ದನ್ನು ನೆಚ್ಚಬೇಡಿ, ಎಲ್ಲ ಬರಹದಲ್ಲಿರಲಿ. ನಮ್ಮ ರಿಜಿಸ್ಟರ್ಡ್ ಪೋಸ್ಟ್ ಥರದ ಸರ್ಟಿಫೈಡ್ ಮೇಲ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ.

ಆಗಿಹೋದ ಚಿಕಿತ್ಸೆಗೆ ಅವರು 60 ದಿನದೊಳಗೆ ಉತ್ತರ ಕೊಡಬೇಕು, ಇನ್ನೂ ಆಗಬೇಕಾದದ್ದಕ್ಕೆ 30 ದಿನ, ತುರ್ತಾದರೆ 72 ಗಂಟೆ.

ಆಗಲೂ ಇಲ್ಲ ಅಂದರೆ ಕೈಚೆಲ್ಲಬೇಡಿ. ಎಕ್ಸ್‌ಟರ್ನಲ್ ರಿವ್ಯೂ ಇದೆ. ಕಂಪನಿಗೆ ಸೇರದ ಬೇರೆಯವರು ಫೈಲ್ ನೋಡುತ್ತಾರೆ. ಕೊನೆಯ ನಿರಾಕರಣೆ ಬಂದ ಮೇಲೆ, ಫೆಡರಲ್ ನಿಯಮದಂತೆ, ಕೇಳಲು ನಾಲ್ಕು ತಿಂಗಳಿದೆ. ತೀರ್ಪು 45 ದಿನದೊಳಗೆ ಬರಬೇಕು. ಅವರು ನಿಮ್ಮ ಪರ ಹೇಳಿದರೆ ಕಂಪನಿ ಕೊಡಲೇಬೇಕು. ಆದರೆ ಇದು ಚಿಕಿತ್ಸೆ ಬೇಕಿತ್ತಾ ಬೇಡವಾ ಎಂಬಂಥ ವೈದ್ಯಕೀಯ ಪ್ರಶ್ನೆಗಳಿಗೆ. ಆ ಚಿಕಿತ್ಸೆ ಪಾಲಿಸಿಯಲ್ಲೇ ಇಲ್ಲ ಅಂದಿದ್ದರೆ ಸಾಮಾನ್ಯವಾಗಿ ಇಲ್ಲಿಗೆ ಬರುವುದಿಲ್ಲ. ನಿಮ್ಮದು ಬರುತ್ತದೆ ಅನಿಸುತ್ತದೆ. ಕೆಲವು ವರ್ಷಗಳ ಹಿಂದೆ ನನ್ನ ಹೆಂಡತಿಯ ಕ್ಲೇಮ್ ಇಂಟರ್ನಲ್ ಅಪೀಲಿನಲ್ಲಿ ಸೋತು, ಇಲ್ಲಿ ಗೆದ್ದಿತು.

ಇನ್ನೊಂದು ವಿಷಯ. ಪ್ಲಾನ್ ಸೆಲ್ಫ್-ಫಂಡೆಡ್ಡಾ, ಅಂದರೆ ಕ್ಲೇಮಿನ ದುಡ್ಡನ್ನು ಕೆಲಸ ಕೊಟ್ಟ ಕಂಪನಿಯೇ ಕೊಡುತ್ತದಾ, ಅಂತ ಎಚ್‌ಆರ್‌ಗೆ ಕೇಳಿ. ಹೌದಾದರೆ ಸಹಾಯಕ್ಕೆ ಅಮೆರಿಕದ ಕಾರ್ಮಿಕ ಇಲಾಖೆ, ಅಲ್ಲದಿದ್ದರೆ ನಿಮ್ಮ ರಾಜ್ಯದ ಇನ್ಶೂರೆನ್ಸ್ ಇಲಾಖೆ.

ಪತ್ರ ಕೈಗೆ ಬಂದ ದಿನ ಯಾವುದು ಅಂತ ಇವತ್ತೇ ಬರೆದಿಟ್ಟುಕೊಳ್ಳಿ, 180 ದಿನ ಅಲ್ಲಿಂದಲೇ ಲೆಕ್ಕ. ಅಂದಹಾಗೆ, ಅವರ ಬೆನ್ನುನೋವು ಈಗ ಹೇಗಿದೆ?